ಗ್ರಂಥಋಣದ ಪುಟ ಓದುವವರು ಯಾರು?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಡೇವಿಸ್ ಮತ್ತು ಸುಝಾನ್ ಕೋಹೆನ್ ಎಂಬಿಬ್ಬರು ಪದವಿ ವಿದ್ಯಾರ್ಥಿಗಳ ಟರ್ಮ್ ಪೇಪರುಗಳನ್ನು ಕೊನೆಯಿಂದ ಓದಿದರು. ಸೂಕ್ಷ್ಮ ಅರ್ಥಶಾಸ್ತ್ರದ ಒಂದೇ ಕೋರ್ಸು; 1996ರಿಂದ 1999ರವರೆಗೆ ಆ ಕೋರ್ಸಿಗಾಗಿ ಬರೆದ ಪೇಪರುಗಳು. ವಾದ ಸರಿಯೇ, ಲೆಕ್ಕ ಸರಿಯೇ ಎಂಬ ಗೊಡವೆಗೆ ಅವರು ಹೋಗಲಿಲ್ಲ. ಪೇಪರಿನ ತುದಿಯಲ್ಲಿ ವಿದ್ಯಾರ್ಥಿ ಕೊಟ್ಟಿದ್ದ ಆಕರಗಳ ಪಟ್ಟಿಯನ್ನಷ್ಟೇ ಸಾಲುಸಾಲಾಗಿ ಎಣಿಸಿ ವಿಂಗಡಿಸಿದರು. 2001ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಆ ಅವಧಿಯಲ್ಲಿ ಪುಸ್ತಕಗಳ ಪಾಲು ಶೇ 30ರಿಂದ 19ಕ್ಕೆ ಇಳಿದಿತ್ತು. ದಿನಪತ್ರಿಕೆಗಳ ಪಾಲು ಶೇ 7ರಿಂದ 19ಕ್ಕೆ, ವೆಬ್ ಪುಟಗಳ ಪಾಲು ಶೇ 9ರಿಂದ 21ಕ್ಕೆ ಏರಿತ್ತು. 1996ರ ಪೇಪರುಗಳಲ್ಲಿದ್ದ ವೆಬ್ ವಿಳಾಸಗಳನ್ನು 2000ದಲ್ಲಿ ತೆರೆದು ನೋಡಿದಾಗ ಸರಿಯಾದ ದಾಖಲೆಗೆ ತಲುಪಿಸಿದ್ದು ಶೇ 18 ಮಾತ್ರ.

ಡೇವಿಸ್ ಅಲ್ಲಿಗೇ ಬಿಡಲಿಲ್ಲ. ಅದೇ ಕೋರ್ಸಿನ ಪೇಪರುಗಳನ್ನು ಮುಂದಿನ ವರ್ಷಗಳಲ್ಲೂ ಓದಿದರು. ‘ಒಳ್ಳೆಯ ಆಕರಗಳನ್ನು ಬಳಸಿ’ ಎಂದು ಪ್ರಾಧ್ಯಾಪಕರು ಬಾಯಿಮಾತಿನಲ್ಲಿ ಹೇಳಿದ್ದರಿಂದ ಹೆಚ್ಚೇನೂ ಆಗಲಿಲ್ಲ. ಎಂಥ ಆಕರಗಳು ಬೇಕೆಂದು ಸ್ಪಷ್ಟವಾಗಿ ಬರೆದು, ಅದನ್ನು ಪಾಲಿಸಲೇಬೇಕೆಂದು ಹೇಳಿದ ಮೇಲೆ ವಿದ್ವತ್ ಗ್ರಂಥಗಳೂ ಜರ್ನಲ್ ಲೇಖನಗಳೂ ಪಟ್ಟಿಗೆ ಮರಳಿದವು. 2004ರಲ್ಲಿ ಕೆನಡಾದ ಆಂಡ್ರೂ ರಾಬಿನ್ಸನ್ ಮತ್ತು ಕರೆನ್ ಶ್ಲೆಗಲ್ ಇದೇ ಪ್ರಶ್ನೆಯನ್ನು ತಮ್ಮ ವಿದ್ಯಾರ್ಥಿಗಳ ನಡುವೆ ಪರೀಕ್ಷಿಸಿದರು. ಗ್ರಂಥಾಲಯದ ಪಾಠವೊಂದರಿಂದಲೇ ಪಟ್ಟಿಯ ಗುಣ ಏರಲಿಲ್ಲ. ನಿಯಮ ಮೀರಿದರೆ ಅಂಕ ಕಡಿತವಾಗುತ್ತದೆ ಎಂಬ ಶರತ್ತು ಅದರ ಜೊತೆಗೂಡಿದಾಗ ಏರಿತು.

ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಪಾಲಕರಿಗಿಂತ ಮೊದಲು ನಮ್ಮ ಪ್ರಾಧ್ಯಾಪಕರು ಈ ಅಧ್ಯಯನಗಳನ್ನು ಓದಬೇಕು ಎಂಬುದು ನನ್ನ ಆಸೆ. ಗ್ರಂಥಾಲಯ ಬಳಸುವುದನ್ನು ವಿದ್ಯಾರ್ಥಿಗೆ ಎಷ್ಟು ಚೆನ್ನಾಗಿ ಕಲಿಸಿದ್ದೇವೆ ಎಂಬುದಕ್ಕೆ ಸಾಕ್ಷಿ ಸಿಗುವುದು ಪಾಠ ನಡೆದ ಕೊಠಡಿಯಲ್ಲಲ್ಲ. ತಿಂಗಳುಗಳ ನಂತರ, ಯಾರೂ ಪಕ್ಕದಲ್ಲಿಲ್ಲದಾಗ ಅವಳು ತಾನೇ ಹುಡುಕಿ ಆಯ್ದುಕೊಂಡ ಆಕರಗಳಲ್ಲಿ ಅದು ಸಿಗುತ್ತದೆ. ಆ ಸಾಕ್ಷಿ ಪ್ರತಿ ವರ್ಷವೂ ಸಂಪ್ರಬಂಧಗಳ ಕೊನೆಯ ಹಾಳೆಗಳಲ್ಲಿ ಬಂದು ಬೀಳುತ್ತಿದೆ. ಓದುವವರು ಕಡಿಮೆ.

ಒಂದು ಗಂಟೆಯ ಪಾಠ

ನಮ್ಮಲ್ಲಿ ಈ ಪಾಠವನ್ನು ‘ಲೈಬ್ರರಿ ಓರಿಯೆಂಟೇಶನ್’ ಎನ್ನುತ್ತೇವೆ. ಪ್ರವೇಶ ಮುಗಿದು ತರಗತಿ ಶುರುವಾದ ಮೊದಲ ವಾರಗಳಲ್ಲಿ ಹೊಸ ವಿದ್ಯಾರ್ಥಿಗಳನ್ನು ವಿಭಾಗವಾರು ಕರೆದೊಯ್ದು ಸೆಮಿನಾರ್ ಹಾಲಿನಲ್ಲಿ ಕೂರಿಸುತ್ತಾರೆ. ಒಟ್ಟು ಎಷ್ಟು ಪುಸ್ತಕಗಳಿವೆ, ಒಬ್ಬರಿಗೆ ಎಷ್ಟು ಕಾರ್ಡು, ತಡವಾದರೆ ದಿನಕ್ಕೆ ಎಷ್ಟು ದಂಡ, ಬ್ಯಾಗು ಎಲ್ಲಿಡಬೇಕು, ಓಪ್ಯಾಕ್ ಎಂಬ ಗಣಕ ಕ್ಯಾಟಲಾಗ್‌ನಲ್ಲಿ ಹುಡುಕುವುದು ಹೇಗೆ, ಇ-ಜರ್ನಲ್‌ಗಳಿಗೆ ಲಾಗಿನ್ ಆಗುವುದು ಹೇಗೆ ಎಂಬುದೆಲ್ಲ ಒಂದು ಪಿಪಿಟಿಯಲ್ಲಿ ಬಂದುಹೋಗುತ್ತದೆ. ಆಮೇಲೆ ಸ್ಟ್ಯಾಕ್ ಕಡೆಗೊಂದು ಸುತ್ತು. ಹೊರಡುವ ಮುನ್ನ ಹಾಜರಿ ಸಹಿ, ಫೀಡ್‌ಬ್ಯಾಕ್ ಫಾರ್ಮ್. ಅದರಲ್ಲಿ ಹೆಚ್ಚಿನವರು ‘ತುಂಬಾ ಉಪಯುಕ್ತ’ ಎಂಬ ಚೌಕಕ್ಕೆ ಗುರುತು ಹಾಕಿ ಕೊಡುತ್ತಾರೆ. ವರ್ಷದ ವರದಿಯಲ್ಲಿ ಇಂತಿಷ್ಟು ಓರಿಯೆಂಟೇಶನ್ ನಡೆಸಿದೆವು, ಇಂತಿಷ್ಟು ವಿದ್ಯಾರ್ಥಿಗಳು ಭಾಗವಹಿಸಿದರು ಎಂಬ ಸಾಲು ಸೇರುತ್ತದೆ.

ಈ ಗಂಟೆಯನ್ನು ನಡೆಸುವ ಗ್ರಂಥಪಾಲಕರ ಶ್ರಮ ದೊಡ್ಡದು. ಎಷ್ಟೋ ಕಡೆ ಪುಸ್ತಕ ಖರೀದಿ, ಬೈಂಡಿಂಗ್, ಸಾಫ್ಟ್‌ವೇರ್, ಸಮಿತಿ ಭೇಟಿಯ ಕಡತ ಎಲ್ಲವೂ ಒಬ್ಬರ ಹೆಗಲ ಮೇಲೇ ಇರುವಾಗ ಅವರು ಇದನ್ನೂ ಮಾಡುತ್ತಾರೆ. ಆದರೆ ಆ ಗಂಟೆ ಬಂದ ದಿನ ವಿದ್ಯಾರ್ಥಿಯ ಮುಂದೆ ಹುಡುಕಬೇಕಾದ ಯಾವ ಪ್ರಶ್ನೆಯೂ ಇರುವುದಿಲ್ಲ. ಸಂಪ್ರಬಂಧದ ವಿಷಯ ಸಿಗುವುದು ಮೂರನೆಯ ಸೆಮಿಸ್ಟರಿನಲ್ಲಿ. ಅಷ್ಟರೊಳಗೆ ಪಿಪಿಟಿ ಮರೆತಿರುತ್ತದೆ, ಪಾಸ್‌ವರ್ಡ್ ಕೂಡ.

ತರಬೇತಿಯನ್ನು ಅಳೆಯುವ ಬಗ್ಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು. ಬಂದವರಿಗೆ ಇಷ್ಟವಾಯಿತೇ, ಏನನ್ನಾದರೂ ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಅದರಿಂದ ಸಂಸ್ಥೆಗೆ ಬೇಕಾದ ಫಲ ಬಂತೇ. ಫೀಡ್‌ಬ್ಯಾಕ್ ಫಾರ್ಮ್ ಮೊದಲ ಮೆಟ್ಟಿಲು. ನಾವು ಅಲ್ಲಿಯೇ ನಿಂತಿದ್ದೇವೆ.

ನಿಂತರೂ ಅಲ್ಲಿ ಸಿಗುವ ಉತ್ತರವನ್ನು ಪೂರ್ತಿ ನಂಬುವಂತಿಲ್ಲ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಮೆಲಿಸ್ಸಾ ಗ್ರಾಸ್ ಮತ್ತು ಡಾನ್ ಲೇಥಮ್ ಅವರು ವಿದ್ಯಾರ್ಥಿಗಳಿಗೆ ಮಾಹಿತಿ ಹುಡುಕುವ ಕೌಶಲದ ಪರೀಕ್ಷೆ ಕೊಟ್ಟು, ಅದರ ಜೊತೆಗೆ ‘ನಿಮಗೆ ಎಷ್ಟು ಅಂಕ ಬಂದೀತು’ ಎಂದೂ ಕೇಳಿದರು. ಕೌಶಲ ಕಡಿಮೆ ಇದ್ದವರೇ ತಮ್ಮ ಅಂಕವನ್ನು ಎಲ್ಲರಿಗಿಂತ ಹೆಚ್ಚು ಉಬ್ಬಿಸಿ ಅಂದಾಜು ಮಾಡಿದ್ದರು. ಹುಡುಕಲು ಬಾರದವನಿಗೆ ತನಗೆ ಬಾರದು ಎಂಬುದೇ ಗೊತ್ತಿರುವುದಿಲ್ಲ. ಗೂಗಲ್‌ನಲ್ಲಿ ಏನಾದರೊಂದು ಸಿಕ್ಕೇ ಸಿಗುವುದರಿಂದ ಆ ಅರಿವು ಮೂಡುವ ಸಂದರ್ಭವೂ ಬರುವುದಿಲ್ಲ. ‘ಈ ಕಾರ್ಯಕ್ರಮದಿಂದ ನಿಮ್ಮ ಕೌಶಲ ಹೆಚ್ಚಿತೇ’ ಎಂದು ಅವನನ್ನೇ ಕೇಳಿ, ಅವನ ‘ಹೌದು’ ಎಂಬುದನ್ನು ಶೇಕಡಾವಾರಾಗಿ ಬರೆದಿಡುವುದರಲ್ಲಿ ಹುರುಳಿಲ್ಲ.

ಎಂಬತ್ತೇಳು ಫಲಗಳಿಂದ ಆರು ಚಿಂತನೆಗಳಿಗೆ

ಎರಡನೆಯ ಮೆಟ್ಟಿಲಿಗೆ, ಅಂದರೆ ಕಲಿತರೇ ಎಂಬ ಪ್ರಶ್ನೆಗೆ, ಅಮೆರಿಕದ ಕಾಲೇಜು ಗ್ರಂಥಾಲಯಗಳು ತುಂಬಾ ಬುದ್ಧಿ ಖರ್ಚು ಮಾಡಿವೆ. ಅಲ್ಲಿನ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ 2000ದ ಜನವರಿಯಲ್ಲಿ ಮಾಹಿತಿ ಸಾಕ್ಷರತೆಗೆ ಮಾನದಂಡಗಳನ್ನು ಒಪ್ಪಿಕೊಂಡಿತು. 5 ಮಾನದಂಡ, 22 ಸೂಚಕ, 87 ಕಲಿಕೆಯ ಫಲ. ಒಂದೊಂದು ಫಲವನ್ನೂ ಪರೀಕ್ಷೆಯ ಪ್ರಶ್ನೆಯಾಗಿ ತಿರುಗಿಸಬಹುದಿತ್ತು, ತಿರುಗಿಸಿದರು ಕೂಡ. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ‘ಸೇಲ್ಸ್’ ಎಂಬ ಬಹು ಆಯ್ಕೆಯ ಪರೀಕ್ಷೆ ರೂಪುಗೊಂಡಿತು. ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯ ತನ್ನದೇ ಪರೀಕ್ಷೆ ಸಿದ್ಧಪಡಿಸಿತು. ಪಾಠದ ಮೊದಲು ಒಮ್ಮೆ, ನಂತರ ಒಮ್ಮೆ ಪರೀಕ್ಷೆ ಕೊಟ್ಟು ಅಂತರ ನೋಡಬಹುದು. ಬೇರೆ ಸಂಸ್ಥೆಗಳ ಜೊತೆ ಹೋಲಿಸಬಹುದು. ಕಂಪ್ಯೂಟರ್ ಅಂಕ ಹಾಕಿಕೊಡುತ್ತದೆ.

ಇಂಥ ಪರೀಕ್ಷೆಗಳಿಂದ ಉಪಯೋಗವಿಲ್ಲವೆಂದು ನಾನು ಹೇಳಲಾರೆ. ‘ಮತ್ತು’, ‘ಅಥವಾ’ ಬಳಸಿದರೆ ಹುಡುಕಾಟ ಹಿಗ್ಗುತ್ತದೆಯೋ ಕುಗ್ಗುತ್ತದೆಯೋ ಎಂಬುದನ್ನೂ ತಿಳಿಯದವನು ಮುಂದೆ ಹೋಗಲಾರ. ಆದರೂ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವ ಕೆಲಸವೇ ಬೇರೆ. ಸಾವಿರ ಫಲಿತಾಂಶಗಳ ಎದುರು ಕೂತು, ಸರಿ ಉತ್ತರ ಇದೆಯೋ ಇಲ್ಲವೋ ಎಂದೂ ಗೊತ್ತಿಲ್ಲದೆ ಮೂರನ್ನು ಆರಿಸಿಕೊಳ್ಳುವ ಕೆಲಸವೇ ಬೇರೆ. ಆ ಸಂಘಕ್ಕೂ ಇದು ಅರಿವಾಯಿತು. ಹಳೆಯ ಮಾನದಂಡಗಳನ್ನು 2016ರಲ್ಲಿ ಕೈಬಿಟ್ಟು, ಆರು ಮೂಲ ಚಿಂತನೆಗಳ ಒಂದು ಚೌಕಟ್ಟನ್ನು ತಂದಿತು. ಅಧಿಕಾರವಾಣಿ ಎಂಬುದು ಸಂದರ್ಭಕ್ಕೆ ತಕ್ಕಂತೆ ಕಟ್ಟಿಕೊಂಡದ್ದು, ವಿದ್ವತ್ತು ಎಂಬುದು ನಡೆಯುತ್ತಲೇ ಇರುವ ಸಂವಾದ, ಸಂಶೋಧನೆ ಎಂಬುದು ಪ್ರಶ್ನೆಯಿಂದ ಪ್ರಶ್ನೆಗೆ ಸಾಗುವ ವಿಚಾರಣೆ, ಹೀಗೆ. ಚಿಂತನೆ ಆಳವಾಯಿತು, ಅಳತೆ ಕಷ್ಟವಾಯಿತು. ವಿದ್ವತ್ತು ಸಂವಾದವೆಂದು ಹುಡುಗನೊಬ್ಬನಿಗೆ ಮನದಟ್ಟಾಗಿದೆಯೇ ಎಂದು ಅರಿಯಲು ಅವನ ಬರಹವನ್ನು ಓದದೆ ಬೇರೆ ದಾರಿಯಿಲ್ಲ.

ಹಾಗೆ ಓದುವ ಕ್ರಮವನ್ನೂ ಅವರು ಬೆಳೆಸಿದ್ದಾರೆ. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮೇಗನ್ ಓಕ್‌ಲೀಫ್ ಅವರು 2010ರ ನಂತರ ನಡೆಸಿದ ‘ರೇಲ್ಸ್’ ಯೋಜನೆ ಇದಕ್ಕೆ ಮೀಸಲಾಗಿತ್ತು. ವಿದ್ಯಾರ್ಥಿಗಳ ನಿಜವಾದ ಬರಹಗಳನ್ನು ಒಂದು ರೂಬ್ರಿಕ್ ಇಟ್ಟುಕೊಂಡು ಹಲವರು ಓದಿ ಅಂಕ ಹಾಕುವುದು. ಯಾವ ಗುಣಕ್ಕೆ ಯಾವ ಮಟ್ಟ, ಆರಂಭಿಕ ಮಟ್ಟವೆಂದರೆ ಏನು, ಪಕ್ವ ಮಟ್ಟವೆಂದರೆ ಏನು ಎಂದು ಮೊದಲೇ ಬರೆದಿಟ್ಟುಕೊಂಡ ಕೋಷ್ಟಕವೇ ರೂಬ್ರಿಕ್. ಓದುವವರು ಮೊದಲು ಒಟ್ಟಿಗೆ ಕೂತು ಒಂದಷ್ಟು ಮಾದರಿಗಳನ್ನು ಓದಿ, ‘ನಾನು ಇದಕ್ಕೆ ಎರಡು ಹಾಕಿದೆ, ನೀವೇಕೆ ನಾಲ್ಕು ಹಾಕಿದಿರಿ’ ಎಂದು ಚರ್ಚಿಸಿ ಕಣ್ಣನ್ನು ಹದಗೊಳಿಸಿಕೊಳ್ಳಬೇಕು. ಸಮಯ ಹಿಡಿಯುವ ಕೆಲಸ. ಗುಣಮಟ್ಟ ಅಳೆಯುವುದೆಂದರೆ ನನ್ನ ಲೆಕ್ಕದಲ್ಲಿ ಈ ಸಮಯವನ್ನು ಕೊಡುವುದೇ.

ಒಂದು ಪಟ್ಟಿಯನ್ನು ಓದುವ ಬಗೆ

ನಮ್ಮ ನೆಲದ ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳೋಣ. ಇತಿಹಾಸದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಹೊಯ್ಸಳರ ಕಾಲದ ಕೆರೆಗಳ ಬಗ್ಗೆ ಸಂಪ್ರಬಂಧ ಬರೆದಿದ್ದಾಳೆ. ಗ್ರಂಥಋಣದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಇದೆ. ಇದೆ ಎಂದ ಮಾತ್ರಕ್ಕೆ ಒಂದು ಅಂಕ ಕೊಟ್ಟು ಮುಂದೆ ಹೋಗಬಹುದು. ಎಣಿಸುವವರು ಹಾಗೆಯೇ ಮಾಡುತ್ತಾರೆ. ಓದುವವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಯಾವ ಆವೃತ್ತಿ? ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಮೂಲ ಆವೃತ್ತಿಯೊಂದು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿ ಇನ್ನೊಂದು. ಎರಡರಲ್ಲಿ ಸಂಪುಟಗಳ ವಿಂಗಡಣೆ ಬೇರೆ. ಬೇಲೂರಿನ ಶಾಸನಗಳು ರೈಸ್ ಆವೃತ್ತಿಯಲ್ಲಿ ಹಾಸನ ಜಿಲ್ಲೆಯ 5ನೇ ಸಂಪುಟದಲ್ಲಿದ್ದರೆ ಪರಿಷ್ಕೃತ ಆವೃತ್ತಿಯಲ್ಲಿ 9ನೇ ಸಂಪುಟಕ್ಕೆ ಬಂದಿವೆ.

ಅವಳ ಅಡಿಟಿಪ್ಪಣಿಗಳಲ್ಲಿ ಒಂದು ಕಡೆ 5ನೇ ಸಂಪುಟ, ಇನ್ನೊಂದು ಕಡೆ 9ನೇ ಸಂಪುಟ ಎಂದಿದ್ದು, ಆವೃತ್ತಿ ಯಾವುದೆಂದು ಎಲ್ಲೂ ಹೇಳಿಲ್ಲದಿದ್ದರೆ ಓದುಗನಿಗೆ ಒಂದು ಸುಳಿವು ಸಿಕ್ಕಿತು. ಬಹುಶಃ ಅವಳು ಶಾಸನ ಸಂಪುಟಗಳನ್ನು ತೆರೆದಿಲ್ಲ. ಹಳೆಯ ವಿದ್ವಾಂಸರೊಬ್ಬರ ಪುಸ್ತಕದ ಅಡಿಟಿಪ್ಪಣಿಯಿಂದ ಒಂದನ್ನು, ಈಚಿನ ಲೇಖನವೊಂದರಿಂದ ಇನ್ನೊಂದನ್ನು ಎತ್ತಿಕೊಂಡಿದ್ದಾಳೆ. ‘ರೈಸ್ ಆವೃತ್ತಿಯ ಪಾಠಕ್ಕೂ ಪರಿಷ್ಕೃತ ಪಾಠಕ್ಕೂ ಇಲ್ಲಿ ವ್ಯತ್ಯಾಸವಿದೆ, ನಾನು ಎರಡನೆಯದನ್ನು ಅನುಸರಿಸಿದ್ದೇನೆ’ ಎಂಬ ಒಂದು ಸಾಲು ಅಲ್ಲಿದ್ದರೆ, ಅವಳ ವಿಶ್ವವಿದ್ಯಾಲಯದಲ್ಲಿ ಯಾರೋ ಅವಳಿಗೆ ಚೆನ್ನಾಗಿ ಕಲಿಸಿದ್ದಾರೆ. ಆ ಸಾಲನ್ನು ಯಾವ ಬಹು ಆಯ್ಕೆಯ ಪ್ರಶ್ನೆಯೂ ಹೊರಡಿಸಲಾರದು.

ಇದನ್ನು ಕಂಡುಹಿಡಿಯಲು ಗ್ರಂಥಪಾಲಕರೊಬ್ಬರೇ ಸಾಲುವುದಿಲ್ಲ, ಇತಿಹಾಸದ ಅಧ್ಯಾಪಕರೂ ಪಕ್ಕದಲ್ಲಿರಬೇಕು. ಪ್ರತಿ ವಿಷಯದಲ್ಲೂ ಇಂಥ ಗುಟ್ಟಿನ ಗುರುತುಗಳಿವೆ. ಅರ್ಥಶಾಸ್ತ್ರದವರಿಗೆ ಜನಗಣತಿಯ ಮೂಲ ಕೋಷ್ಟಕ ನೋಡಿದವನಿಗೂ ಪತ್ರಿಕೆಯ ವರದಿ ನೋಡಿದವನಿಗೂ ಇರುವ ವ್ಯತ್ಯಾಸ ಒಂದು ಸಾಲಿನಲ್ಲೇ ಕಾಣುತ್ತದೆ. ಕಾನೂನಿನವರಿಗೆ ತೀರ್ಪನ್ನು ಓದಿದವನೂ ತೀರ್ಪಿನ ತಲೆಬರಹವನ್ನಷ್ಟೇ ಓದಿದವನೂ ಬೇರೆಯಾಗಿ ಕಾಣುತ್ತಾರೆ.

ಪಟ್ಟಿ ಚೆನ್ನಾಗಿದ್ದರೂ ಓದು ನಡೆದಿರಬೇಕೆಂದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅಮೆರಿಕದ ರೆಬೆಕಾ ಮೂರ್ ಹೋವರ್ಡ್ ಮತ್ತು ಸಾಂಡ್ರಾ ಜೇಮಿಸನ್ ನಡೆಸಿದ ‘ಸೈಟೇಶನ್ ಪ್ರಾಜೆಕ್ಟ್’ ಇದನ್ನು ತಳಮಟ್ಟಕ್ಕೆ ಹೋಗಿ ನೋಡಿತು. 16 ಕಾಲೇಜು-ವಿಶ್ವವಿದ್ಯಾಲಯಗಳ 174 ಪೇಪರುಗಳಲ್ಲಿದ್ದ 1,911 ಉಲ್ಲೇಖಗಳನ್ನು ಒಂದೊಂದಾಗಿ ಮೂಲದ ಜೊತೆ ಇಟ್ಟು ನೋಡಿದಾಗ, ಶೇ 46ರಷ್ಟು ಉಲ್ಲೇಖಗಳು ಮೂಲದ ಮೊದಲ ಪುಟದಿಂದಲೇ ಬಂದಿದ್ದವು. ಹುಡುಗರು ಸರಿಯಾದ ಲೇಖನವನ್ನು ಹುಡುಕಿದ್ದರು, ಅದರ ಬಾಗಿಲಲ್ಲೇ ನಿಂತು ಒಂದು ವಾಕ್ಯ ಹೆಕ್ಕಿಕೊಂಡು ಬಂದಿದ್ದರು. ಹಾಗಾಗಿ ಮೌಲ್ಯಮಾಪನ ಮಾಡುವವರು ಪಟ್ಟಿಯಿಂದ ಅಡಿಟಿಪ್ಪಣಿಗೆ, ಅಡಿಟಿಪ್ಪಣಿಯಿಂದ ಪುಟಸಂಖ್ಯೆಗೆ ಹೋಗಲೇಬೇಕು. ಎಲ್ಲ ಉಲ್ಲೇಖಗಳೂ ಒಂದನೆಯ, ಎರಡನೆಯ ಪುಟಗಳಿಂದಲೇ ಬಂದಿದ್ದರೆ ಅಲ್ಲಿ ಪ್ರಶ್ನೆ ಏಳಬೇಕು.

ಚಾಟ್‌ಬಾಟ್‌ಗಳು ಬಂದ ಮೇಲೆ ಇದಕ್ಕಿಂತಲೂ ಮೂಲಭೂತವಾದ ಪ್ರಶ್ನೆ ಸೇರಿಕೊಂಡಿದೆ: ಪಟ್ಟಿಯಲ್ಲಿರುವ ಪುಸ್ತಕ ಜಗತ್ತಿನಲ್ಲಿ ಇದೆಯೇ? ನಂಬುವಂಥ ಶೀರ್ಷಿಕೆ, ನಿಜವಾದ ವಿದ್ವಾಂಸರ ಹೆಸರು, ಸರಿಯೆನಿಸುವ ವರ್ಷ ಎಲ್ಲ ಸೇರಿಸಿ ಇಲ್ಲದ ಲೇಖನವನ್ನು ಹೆಣೆದುಕೊಡುವ ಯಂತ್ರ ಈಗ ಪ್ರತಿಯೊಬ್ಬರ ಫೋನಿನಲ್ಲಿದೆ. ಇದರಿಂದ ಗ್ರಂಥಋಣ ಓದುವ ಕೆಲಸದ ಬೆಲೆ ಹೆಚ್ಚಿದೆ. ಪಟ್ಟಿಯ ಜೊತೆಗೆ ಒಂದು ಪುಟದ ಹುಡುಕಾಟದ ಟಿಪ್ಪಣಿಯನ್ನೂ ಕೇಳುವುದು ಒಳ್ಳೆಯದು. ಎಲ್ಲಿ ಹುಡುಕಿದೆ, ಯಾವ ಪದ ಹಾಕಿದೆ, ಏನು ಸಿಕ್ಕಿತು, ಯಾವುದನ್ನು ಏಕೆ ಬಿಟ್ಟೆ. ವೈವಾದಲ್ಲಿ ಪರೀಕ್ಷಕರು ಪಟ್ಟಿಯಿಂದ ಯಾವುದಾದರೊಂದು ಸಾಲಿನ ಮೇಲೆ ಬೆರಳಿಟ್ಟು ‘ಇದು ನಿನಗೆ ಹೇಗೆ ಸಿಕ್ಕಿತಮ್ಮ’ ಎಂದು ಕೇಳಿದರೆ ಸಾಕು. ನಿಜವಾಗಿ ಹುಡುಕಿದವಳು ಆ ಪ್ರಶ್ನೆಗೆ ಉತ್ಸಾಹದಿಂದ ಉತ್ತರಿಸುತ್ತಾಳೆ.

ಬಾಗಿಲಲ್ಲಿ ಎಣಿಸಿದ ತಲೆಗಳು

ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಶ್ರೇಣಿ ಕೊಡುವ ನ್ಯಾಕ್‌ನ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಅದರ 2017ರ ಪರಿಷ್ಕೃತ ಚೌಕಟ್ಟಿನಲ್ಲಿ ಗ್ರಂಥಾಲಯ ಬರುವುದು ನಾಲ್ಕನೆಯ ಮಾನದಂಡದಲ್ಲಿ, ಕಟ್ಟಡ, ಪ್ರಯೋಗಾಲಯಗಳ ಜೊತೆಗೆ ಮೂಲಸೌಕರ್ಯವಾಗಿ. ಗ್ರಂಥಾಲಯ ಗಣಕೀಕೃತವಾಗಿದೆಯೇ, ಇ-ಸಂಪನ್ಮೂಲಗಳಿಗೆ ಚಂದಾ ಇದೆಯೇ, ಪುಸ್ತಕ-ಜರ್ನಲ್‌ಗೆ ವರ್ಷಕ್ಕೆ ಎಷ್ಟು ಖರ್ಚು, ದಿನಕ್ಕೆ ಎಷ್ಟು ಮಂದಿ ಬಾಗಿಲು ದಾಟಿ ಬಂದರು, ಎಷ್ಟು ಮಂದಿ ಲಾಗಿನ್ ಆದರು. ಇವೆಲ್ಲ ಬೇಕಾದ ಲೆಕ್ಕಗಳೇ. ಆದರೆ ಗ್ರಂಥಾಲಯವನ್ನು ಕಲಿಕೆಯ ಸಂಪನ್ಮೂಲ ಎಂದು ಕರೆದ ಆ ಭಾಗದಲ್ಲಿ, ಬಂದವರು ಏನನ್ನು ಕಲಿತರು ಎಂಬ ಪ್ರಶ್ನೆಗೆ ಜಾಗ ಮಾಡಿಲ್ಲ.

ಬಾಗಿಲಿನ ಲೆಕ್ಕ ಎಷ್ಟು ಹೇಳುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯದಿಂದ ಉತ್ತರವಿದೆ. 2011ರಲ್ಲಿ ಅದರ ಮುಂದಾಳತ್ವದಲ್ಲಿ ಬ್ರಿಟನ್ನಿನ 8 ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳ ಗ್ರಂಥಾಲಯ ಬಳಕೆಯನ್ನೂ ಪದವಿಯಲ್ಲಿ ಪಡೆದ ದರ್ಜೆಯನ್ನೂ ಜೋಡಿಸಿ ನೋಡಿದವು. ಎರವಲು ಪಡೆದ ಪುಸ್ತಕ ಮತ್ತು ಇ-ಸಂಪನ್ಮೂಲ ಬಳಕೆಗೂ ದರ್ಜೆಗೂ ಸಂಬಂಧ ಕಂಡಿತು. ಗ್ರಂಥಾಲಯದ ಬಾಗಿಲು ದಾಟಿದ ಸಂಖ್ಯೆಗೂ ದರ್ಜೆಗೂ ಅಂಥ ಸಂಬಂಧ ಕಾಣಲಿಲ್ಲ. ಒಳಗೆ ಬಂದವರಲ್ಲಿ ಓದುವವರಿದ್ದಾರೆ, ಫ್ಯಾನಿನ ಕೆಳಗೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ತೆರೆದವರಿದ್ದಾರೆ, ಗೆಳೆಯರಿಗೆ ಕಾಯುವವರಿದ್ದಾರೆ. ಎಲ್ಲರಿಗೂ ಅಲ್ಲಿ ಹಕ್ಕಿದೆ. ಹಡರ್ಸ್‌ಫೀಲ್ಡಿನವರು ತಮ್ಮ ಲೆಕ್ಕ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ ಎಂದೂ ಎಚ್ಚರಿಸಿದ್ದರು. ಪುಸ್ತಕ ಒಯ್ದದ್ದರಿಂದ ದರ್ಜೆ ಬಂತೋ, ದರ್ಜೆ ಪಡೆಯುವಂಥವರೇ ಪುಸ್ತಕ ಒಯ್ಯುತ್ತಾರೋ.

ಈ ಮಾತು ಈಗ ತುರ್ತಾಗಿದೆ. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಜಾರಿಗೆ ಬಂದಿದೆ. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ಜರ್ನಲ್‌ಗಳು; 6,300ರಷ್ಟು ಸರಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು; ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು; ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ದೊಡ್ಡ ಊರಿನ ದೊಡ್ಡ ಸಂಸ್ಥೆಗಳಿಗಷ್ಟೇ ಎಟುಕುತ್ತಿದ್ದ ಜರ್ನಲ್‌ಗಳನ್ನು ತಾಲ್ಲೂಕಿನ ಸರಕಾರಿ ಕಾಲೇಜಿನ ಹುಡುಗಿಯೂ ತೆರೆಯಬಹುದಾದ ಕಾಲ ಬಂದಿದೆ. ಇದು ಸಣ್ಣ ಸಂಗತಿಯಲ್ಲ, ಸಂತೋಷಪಡಬೇಕಾದದ್ದು. ಅದೇ ಕಾರಣಕ್ಕೆ ಕೇಳಬೇಕು: ಆ ಹುಡುಗಿಗೆ ಆ ಹದಿಮೂರು ಸಾವಿರದಲ್ಲಿ ತನಗೆ ಬೇಕಾದ ಒಂದನ್ನು ಹುಡುಕಲು ಯಾರು ಕಲಿಸುತ್ತಿದ್ದಾರೆ, ಕಲಿಸಿದ್ದು ತಲುಪಿತೇ ಎಂದು ಯಾರು ನೋಡುತ್ತಿದ್ದಾರೆ? ಲಾಗಿನ್‌ಗಳ ಸಂಖ್ಯೆ ಏರುವುದು ಖಚಿತ. ಆ ಏರಿಕೆಯನ್ನೇ ಕಲಿಕೆಯೆಂದು ಬರೆದುಕೊಂಡರೆ ಕೊಟ್ಟ ಹಣಕ್ಕೂ ಆ ಹುಡುಗಿಗೂ ನ್ಯಾಯವಾಗುವುದಿಲ್ಲ.

ಕಲಿಸುವುದೇ ಹಳತಾಗಿದ್ದರೆ

ಗುಣಮಟ್ಟದ ಪ್ರಶ್ನೆಗೆ ಇನ್ನೊಂದು ಮುಖವಿದೆ. ಪಾಠ ಚೆನ್ನಾಗಿ ತಲುಪಿ, ಪಾಠವೇ ತಪ್ಪಾಗಿದ್ದರೆ? ವೆಬ್ ಪುಟವೊಂದನ್ನು ನಂಬಬಹುದೇ ಎಂದು ತೂಗಿ ನೋಡಲು ಗ್ರಂಥಾಲಯಗಳು ಪರಿಶೀಲನಾ ಪಟ್ಟಿಗಳನ್ನು ಕೊಡುತ್ತ ಬಂದಿವೆ. ಪುಟ ಹೊಸದೇ, ಬರೆದವರು ಯಾರು, ಉದ್ದೇಶವೇನು, ಆಧಾರ ಕೊಟ್ಟಿದ್ದಾರೆಯೇ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳನ್ನು ಕೂರಿಸಿ ವೆಬ್ ಪುಟಗಳನ್ನು ತೂಗಲು ಹೇಳಿದರು. ಮಕ್ಕಳ ವೈದ್ಯರ ಹಳೆಯ ದೊಡ್ಡ ಸಂಘವೊಂದರ ಪುಟ, ಅದರಿಂದ ಸಿಡಿದು ಬಂದ ಪುಟ್ಟ ಗುಂಪಿನ ಪುಟ. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಎರಡನೆಯದನ್ನೇ ಹೆಚ್ಚು ನಂಬಿದರು, ಏಕೆಂದರೆ ಪಟ್ಟಿ ಕೇಳುವ ಗುಣಗಳೆಲ್ಲ ಅದರಲ್ಲಿದ್ದವು. ಸತ್ಯಶೋಧಕರು ಆ ಪುಟವನ್ನು ಓದುತ್ತ ಕೂರಲೇ ಇಲ್ಲ. ತಕ್ಷಣ ಪಕ್ಕದಲ್ಲಿ ಬೇರೆ ಟ್ಯಾಬ್ ತೆರೆದು, ಈ ಗುಂಪಿನ ಬಗ್ಗೆ ಉಳಿದವರು ಏನೆನ್ನುತ್ತಾರೆ ಎಂದು ನೋಡಿದರು.

ಪಟ್ಟಿಯನ್ನು ಬಾಯಿಪಾಠ ಮಾಡಿದವರು ಪಟ್ಟಿಯ ಮೇಲಿನ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆಯುತ್ತಾರೆ. ಹಾಗಾಗಿ ನಿಜವಾದ ಬರಹ, ನಿಜವಾದ ಹುಡುಕಾಟವನ್ನು ನೋಡುವ ಮೌಲ್ಯಮಾಪನ ಮಾತ್ರ ಕಲಿಸುವವರಿಗೆ ‘ನಿಮ್ಮ ಪಾಠ ಬದಲಾಗಬೇಕು’ ಎಂದು ಹೇಳಬಲ್ಲದು.

ನಮ್ಮ ವಿದ್ಯಾರ್ಥಿಗಳ ವಿಷಯದಲ್ಲಿ ಪಾಠದ ಒಳಗೆ ಬಾರದ ದೊಡ್ಡ ಭಾಗವೊಂದಿದೆ, ಅದು ಕನ್ನಡ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಡೇಟಾಬೇಸ್‌ಗಳ ಪರದೆಯೆಲ್ಲ ಇಂಗ್ಲಿಷ್. ಓರಿಯೆಂಟೇಶನ್ನಿನಲ್ಲಿ ತೋರಿಸುವ ಉದಾಹರಣೆಯೂ ಇಂಗ್ಲಿಷ್. ಅವನು ಹುಡುಕಬೇಕಾದ್ದು ಶಿವರಾಮ ಕಾರಂತರನ್ನು. ಕ್ಯಾಟಲಾಗುಗಳಲ್ಲಿ ಆ ಹೆಸರು ರೋಮನ್ ಲಿಪಿಯಲ್ಲಿ ಕೊನೆಗೆ ‘ಎಚ್’ ಹೊತ್ತೂ ಇರಬಹುದು, ‘ಎ’ ಹೊತ್ತೂ ಇರಬಹುದು, ಎರಡೂ ಇಲ್ಲದೆಯೂ ಇರಬಹುದು. ಕೆಲವೆಡೆ ಕನ್ನಡ ಲಿಪಿಯಲ್ಲಿ. ಒಂದು ಬಗೆಯಲ್ಲಿ ಹುಡುಕಿ ‘ಇಲ್ಲ’ ಎಂಬ ಉತ್ತರ ಬಂದರೆ ಅವನು ಪುಸ್ತಕವೇ ಇಲ್ಲವೆಂದು ಹೊರಟುಬಿಡುತ್ತಾನೆ. ಈ ಹುಡುಕಾಟವನ್ನು ಕಲಿಸುವ ಪಾಠವನ್ನು ಬೇರೆ ದೇಶದ ಯಾವ ಮಾನದಂಡವೂ ನಮಗೆ ಬರೆದುಕೊಡುವುದಿಲ್ಲ, ಅದನ್ನು ಅಳೆಯುವ ಪ್ರಶ್ನೆಯನ್ನೂ ಕೊಡುವುದಿಲ್ಲ. ನಾವೇ ಮಾಡಿಕೊಳ್ಳಬೇಕು.

ಹಾಗೆ ಹೊರಟುಹೋಗುವವನು ಕೌಂಟರಿಗೆ ಬಂದು ಕೇಳುವುದಿಲ್ಲ ಏಕೆ? ಕಾನ್‌ಸ್ಟನ್ಸ್ ಮೆಲನ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಿಗುವ ಅತ್ಯುತ್ತಮ ಉತ್ತರ. ಎರಡು ವರ್ಷ ವಿದ್ಯಾರ್ಥಿಗಳಿಂದ ಹುಡುಕಾಟದ ದಿನಚರಿ ಬರೆಸಿ ಓದಿದ ಅವರಿಗೆ, ಪ್ರತಿ ತರಗತಿಯಲ್ಲೂ ಶೇ 75ರಿಂದ 85ರಷ್ಟು ಮಂದಿ ಗ್ರಂಥಾಲಯದ ಮೊದಲ ಅನುಭವವನ್ನು ಭಯವೆಂದೇ ಬಣ್ಣಿಸಿದ್ದು ಕಂಡಿತು. ಉಳಿದವರಿಗೆಲ್ಲ ಗೊತ್ತಿದೆ, ತನಗೊಬ್ಬನಿಗೆ ಗೊತ್ತಿಲ್ಲ, ಕೇಳಿದರೆ ಅದು ಬಯಲಾಗುತ್ತದೆ ಎಂಬ ಅಂಜಿಕೆ. ಮನೆಯಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ನಮ್ಮ ಮಕ್ಕಳಲ್ಲಿ ಈ ಅಂಜಿಕೆ ಕಡಿಮೆಯಿರಲು ಕಾರಣವೇನೂ ಕಾಣುವುದಿಲ್ಲ. ಪಾಠವಾದ ಮೇಲೆ ಎಷ್ಟು ಮಂದಿ ಗ್ರಂಥಪಾಲಕರ ಬಳಿ ಹೋಗಿ ‘ಸರ್, ಇದು ಸಿಗುತ್ತಿಲ್ಲ’ ಎಂದು ಕೇಳಿದರು ಎಂಬುದನ್ನು ಬರೆದಿಟ್ಟರೆ, ಅದು ಪಾಠದ ಗುಣಮಟ್ಟಕ್ಕೆ ಫೀಡ್‌ಬ್ಯಾಕ್ ಫಾರ್ಮಿಗಿಂತ ಒಳ್ಳೆಯ ಅಳತೆ.

ಯಾರ ಕೆಲಸ

ಇಂಡಿಯಾನಾದ ಅರ್ಲ್‌ಹಮ್ ಕಾಲೇಜಿನಲ್ಲಿ 1962ರಿಂದ ಗ್ರಂಥಪಾಲಕರಾಗಿದ್ದ ಇವಾನ್ ಫಾರ್ಬರ್ ಈ ಪಾಠವನ್ನು ಸೆಮಿನಾರ್ ಹಾಲಿನಿಂದ ತರಗತಿಗೆ ಕೊಂಡೊಯ್ದರು. ಅಧ್ಯಾಪಕರು ಕೊಡುವ ಅಸೈನ್‌ಮೆಂಟಿನ ಜೊತೆಗೇ, ಅದು ಕೊಟ್ಟ ಹೊತ್ತಿನಲ್ಲೇ, ಅದಕ್ಕೆ ಬೇಕಾದಷ್ಟನ್ನೇ ಕಲಿಸುವುದು ಅವರ ಕ್ರಮ. ಹುಡುಕಬೇಕಾದ ಪ್ರಶ್ನೆ ಕೈಯಲ್ಲಿರುವಾಗ ಕಲಿತದ್ದು ಉಳಿಯುತ್ತದೆ. ಅಳತೆಯೂ ಬೇರೆಯಾಗಿ ಬೇಕಾಗುವುದಿಲ್ಲ, ಅಸೈನ್‌ಮೆಂಟೇ ಅಳತೆಗೋಲಾಗುತ್ತದೆ. ಕಾರ್ನೆಲ್ ಮತ್ತು ಕೆನಡಾದ ಅಧ್ಯಯನಗಳು ಬಹು ಕಾಲದ ನಂತರ ಅಂಕಿಅಂಶದಲ್ಲಿ ತೋರಿಸಿದ್ದು ಫಾರ್ಬರ್ ಅನುಭವದಿಂದ ಕಂಡುಕೊಂಡದ್ದನ್ನೇ.

ಈ ಅರಿವು ಇನ್ನೂ ಹಿಂದೆಯೇ ನಮ್ಮಲ್ಲಿತ್ತು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅದಕ್ಕೆ ಮೊದಲು ಗಣಿತದ ಮೇಷ್ಟ್ರು. ಗ್ರಂಥಾಲಯವನ್ನು ಅವರು ಮೇಷ್ಟ್ರ ಕಣ್ಣಿನಿಂದಲೇ ನೋಡಿದರು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಿ ಎನ್ನುತ್ತದೆ. ಹೊಸ ಓದುಗನಿಗೆ ಗ್ರಂಥಾಲಯದ ದೀಕ್ಷೆ ಕೊಡುವುದನ್ನು ಗ್ರಂಥಪಾಲಕನ ಕರ್ತವ್ಯಗಳಲ್ಲಿ ಸೇರಿಸಿದವರೂ ಅವರೇ. ಬಾಳಿನ ಕೊನೆಯ ಘಟ್ಟವನ್ನು ಅವರು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಇಲ್ಲಿಯೇ ಡಿಆರ್‌ಟಿಸಿ ಎಂದು ಕರೆಯುವ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಶಿಷ್ಯ ಪರಂಪರೆಯ ಗ್ರಂಥಪಾಲಕರು ಇರುವ ಈ ನಾಡಿನಲ್ಲಿ ಗ್ರಂಥಪಾಲಕರನ್ನು ಪುಸ್ತಕ ಕೊಟ್ಟು ಪಡೆಯುವವರೆಂದಷ್ಟೇ ಕಾಣುವ ವಿಭಾಗಗಳಿವೆ ಎಂಬುದು ನನಗೆ ನೋವಿನ ವಿಷಯ.

ಪಿಎಚ್.ಡಿ. ವಿದ್ಯಾರ್ಥಿಗಳ ಮಟ್ಟದಲ್ಲಿ ಒಂದು ಬಾಗಿಲು ತೆರೆದಿದೆ. ಯುಜಿಸಿ 2019ರ ಡಿಸೆಂಬರಿನಲ್ಲಿ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಬಗ್ಗೆ ಎರಡು ಕ್ರೆಡಿಟ್‌ಗಳ, 30 ಗಂಟೆಗಳ ಕೋರ್ಸನ್ನು ಕಡ್ಡಾಯ ಮಾಡಿತು. ಅದರಲ್ಲಿ ಮುಕ್ತ ಪ್ರಕಟಣೆಗೆ ಒಂದು ಘಟಕ, ಡೇಟಾಬೇಸ್ ಮತ್ತು ಸಂಶೋಧನಾ ಮಾಪನಗಳಿಗೆ 7 ಗಂಟೆಗಳ ಇನ್ನೊಂದು ಘಟಕವಿದೆ. ಈ ಗಂಟೆಗಳನ್ನು ಗ್ರಂಥಪಾಲಕರಿಗೆ ಒಪ್ಪಿಸಿದ ಕಡೆ ಕೋರ್ಸಿಗೆ ಜೀವ ಬರುತ್ತದೆ. ಪರೀಕ್ಷೆಯ ವಿಷಯಕ್ಕೆ ಬಂದರೆ, ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೇನು ಎಂಬ ಐದು ಅಂಕದ ಟಿಪ್ಪಣಿ ಬರೆಸುವ ಬದಲು, ವಿದ್ಯಾರ್ಥಿ ತನ್ನ ವಿಷಯದ ಬಗ್ಗೆ ತಾನೇ ಮಾಡಿದ ಹುಡುಕಾಟವನ್ನೂ ಅದರಿಂದ ಹೊಮ್ಮಿದ ಪಟ್ಟಿಯನ್ನೂ ಮೌಲ್ಯಮಾಪನಕ್ಕೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಎಂ.ಎ., ಎಂ.ಎಸ್ಸಿ. ಮಟ್ಟದಲ್ಲಿ ಆಗಬೇಕಾದ್ದು ಇನ್ನೂ ಸರಳ. ಈ ವರ್ಷ ಸಲ್ಲಿಕೆಯಾದ ಸಂಪ್ರಬಂಧಗಳಲ್ಲಿ ವಿಭಾಗಕ್ಕೆ ಹತ್ತರಂತೆ ಆರಿಸಿ, ಹೆಸರು ಮರೆಮಾಡಿ, ಗ್ರಂಥಪಾಲಕರೊಬ್ಬರೂ ಅಧ್ಯಾಪಕರೊಬ್ಬರೂ ಒಂದೇ ಮೇಜಿನ ಮುಂದೆ ಕೂತು ಗ್ರಂಥಋಣವನ್ನೂ ಅಡಿಟಿಪ್ಪಣಿಗಳನ್ನೂ ಓದಲಿ. ಮೂಲ ಆಕರ ಎಷ್ಟು, ಎರವಲು ಉಲ್ಲೇಖ ಎಷ್ಟು, ಗ್ರಂಥಾಲಯದಲ್ಲೇ ಇದ್ದೂ ಕಣ್ಣಿಗೆ ಬೀಳದೆ ಹೋದದ್ದು ಯಾವುದು ಎಂದು ಬರೆದಿಡಲಿ. ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ಮುಂದಿನ ವರ್ಷದ ಪಾಠದ ವಿಷಯವಾಗಲಿ. ಇದು ವಿದ್ಯಾರ್ಥಿಯನ್ನು ಹಿಡಿದುಹಾಕುವ ತಪಾಸಣೆಯಾಗಬಾರದು, ಗ್ರಂಥಪಾಲಕರ ಬಡ್ತಿಗೆ ತಳುಕು ಹಾಕುವ ಅಂಕವೂ ಆಗಬಾರದು. ಹಾಗಾದ ದಿನ ಪಟ್ಟಿಗಳು ಚೆಂದವಾಗುತ್ತವೆ, ಹುಡುಕಾಟ ಹಾಗೆಯೇ ಉಳಿಯುತ್ತದೆ. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಅದೇ ರೂಬ್ರಿಕ್‌ನಿಂದ ಓದಿದರೆ ಮಾತ್ರ ಏರಿದೆಯೋ ಇಳಿದಿದೆಯೋ ತಿಳಿಯುತ್ತದೆ. ಡೇವಿಸ್ ಅವರಿಗೆ ಉತ್ತರ ಸಿಕ್ಕಿದ್ದು ಅವರು ಒಂದೇ ಕೋರ್ಸಿಗೆ ಮರಳಿ ಮರಳಿ ಬಂದದ್ದರಿಂದ.

ಇದರ ಜೊತೆಗೆ ಪ್ರತಿ ವಿಭಾಗದ ಅಧ್ಯಯನ ಮಂಡಳಿಯ ಮುಂದೆ ಒಂದು ಠರಾವು ಬರಬೇಕು: ಸಂಪ್ರಬಂಧದ ನೂರು ಅಂಕಗಳಲ್ಲಿ ಹತ್ತು ಆಕರಗಳ ಹುಡುಕಾಟಕ್ಕೆ, ಅದರ ಮಾನದಂಡ ವಿಷಯ ಕೊಡುವ ದಿನವೇ ವಿದ್ಯಾರ್ಥಿಯ ಕೈಗೆ ಬರಹದಲ್ಲಿ, ಆ ವಾರದಲ್ಲೇ ಗ್ರಂಥಪಾಲಕರ ಎರಡು ತರಗತಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಸಾಫ್ಟ್‌ವೇರ್ ಬೇಡ. ಮಂಡಳಿಯ ಸಭೆಗೆ ಗ್ರಂಥಪಾಲಕರನ್ನು ಆಹ್ವಾನಿಸುವ ಒಂದು ಪತ್ರ ಬೇಕು.